ಕಾರು ಮನೆಯಲ್ಲೇ ಇರಲಿ, ನೀವು ಬನ್ನಿ

ಮೈಸೂರು ಕಡೆಯ ಧರ್ಮಕೇಂದ್ರಗಳ ಗೆಳೆಯರೇ, ಮೇ ತಿಂಗಳು ಬಂತೆಂದರೆ ನಮ್ಮ ಫೋನಿಗೆ ನಿಮ್ಮ ಕರೆ ಶುರು. "ಕಾಂದಲ್ ಶಿಲುಬೆ ನೋಡಬೇಕು, ಊಟಿ ಸುತ್ತಬೇಕು. ಹದಿನೈದು ಜನ, ಐದು ಕಾರು. ಪಾರ್ಕಿಂಗ್ ಎಲ್ಲಿ ಸಿಗುತ್ತೆ?" ಎಲ್ಲೂ ಸಿಗುವುದಿಲ್ಲ. ಹದಿನೈದು ಜನಕ್ಕೆ ಐದು ಕಾರು ಯಾಕೆ ಎಂದು ನಾವು ಸಂಕೋಚದಿಂದ ಇಷ್ಟು ದಿನ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಗೆಳೆಯನೊಬ್ಬನ ಅಜ್ಜಿಗೆ ಉಸಿರು ಕಟ್ಟಿತು. ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರೆ ಚೇರಿಂಗ್ ಕ್ರಾಸ್ ಹತ್ತಿರ ಮುಕ್ಕಾಲು ಗಂಟೆ ನಿಂತೆವು. ಇಬ್ಬರು ಇಳಿದು ಒಂದೊಂದೇ ಕಾರಿನ ಕಿಟಕಿ ತಟ್ಟುತ್ತಾ ದಾರಿ ಕೇಳಿದೆವು. "ಎಲ್ಲಿಗೆ ಸರಿಸೋದು ತಮ್ಮಾ?" ಅಂದರು ಒಬ್ಬರು. ಅವರು ಹೇಳಿದ್ದೂ ನಿಜ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ. ಅಜ್ಜಿ ಉಳಿದರು. ಆ ಮುಕ್ಕಾಲು ಗಂಟೆ ಮಾತ್ರ ನಮಗೆ ಮರೆಯುತ್ತಿಲ್ಲ.

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಬೇಸಿಗೆಗೆ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಮಿತಿಯನ್ನೂ ಹಾಕಿದರು. ವ್ಯಾಪಾರ ಹಾಳಾಯಿತೆಂದು ಇಲ್ಲಿನವರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ನಮ್ಮ ಮನೆಗಳಲ್ಲೂ ವರ್ಕಿ, ಚಹಾಪುಡಿ ಮಾರಿ ಬದುಕುವವರಿದ್ದಾರೆ, ಅವರ ಸಿಟ್ಟು ನಮಗೆ ಗೊತ್ತು. ಆದರೆ ಎರಡು ಗಂಟೆ ರಸ್ತೆಯಲ್ಲೇ ಸಿಕ್ಕಿಬಿದ್ದವನು ವರ್ಕಿ ಕೊಳ್ಳುವುದು ಯಾವಾಗ? ಮಿತಿ ಹಾಕಿದ್ದು ಕಾರಿಗೆ, ಮನುಷ್ಯರಿಗಲ್ಲ. ಸರ್ಕಾರಿ ಬಸ್ಸಿನಲ್ಲಿ ಬಂದರೆ ನಿಮ್ಮನ್ನು ಯಾರೂ ತಡೆಯುವುದಿಲ್ಲ.

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯಾಗಿ ಬಸ್ಸಿದೆ. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೇ ಹೊರಡಿ. ಕಾರಿನವರಿಗೆ ಮೊಬೈಲ್ ಮ್ಯಾಪ್ ಮಸಿನಗುಡಿ, ಕಲ್ಲಟ್ಟಿ ದಾರಿ ಹತ್ತಿರ ಎಂದು ತೋರಿಸುತ್ತದೆ. ಹತ್ತಿರ ಹೌದು, ಆದರೆ 36 ಹೇರ್‌ಪಿನ್ ತಿರುವು. ಇಳಿಯುವಾಗ ಬ್ರೇಕ್ ತುಳಿದೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ನಾವು ಬಿಎಸ್‌ಸಿಯಲ್ಲಿ ಓದಿದ ಭೌತಶಾಸ್ತ್ರ ಉಪಯೋಗಕ್ಕೆ ಬಂದದ್ದು ಇದೊಂದೇ ಜಾಗದಲ್ಲಿ. ಅಲ್ಲಿ ಎಷ್ಟು ಕಾರು ಉರುಳಿವೆ ಎಂದು ಕೆಳಗಿನ ಊರಿನವರನ್ನು ಕೇಳಿ.

ಊಟಿಗೆ ಬಂದ ಮೇಲೆ ಕಾರಿಗೆ ಕೆಲಸವೇ ಇಲ್ಲ. ಬಸ್ ನಿಲ್ದಾಣ, ರೈಲು ನಿಲ್ದಾಣ ಅಕ್ಕಪಕ್ಕ. ಬೋಟ್ ಹೌಸಿಗೆ ನಡೆದೇ ಹೋಗಬಹುದು. ಸಸ್ಯೋದ್ಯಾನಕ್ಕೆ ಬಸ್ಸು, ಆಟೋ ಇವೆ. ಎರಡು ಸಾವಿರ ಮೀಟರಿಗಿಂತ ಎತ್ತರದ ಊರು, ಮೊದಲ ದಿನ ಏದುಸಿರು ಬರುತ್ತದೆ, ನಿಧಾನ ನಡೆಯಿರಿ. ಪ್ಲಾಸ್ಟಿಕ್ ಬಾಟಲಿಗೆ ಇಲ್ಲಿ ನಿಷೇಧ, ಸ್ಟೀಲ್ ಬಾಟಲಿ ತನ್ನಿ.

ನಿಮ್ಮನ್ನಷ್ಟೇ ಬೈದರೆ ಅನ್ಯಾಯ. ಟಿಎನ್ 43 ನಂಬರಿನ ನಮ್ಮ ವಾಹನಗಳಿಗೆ ಪಾಸೇ ಬೇಡ. ಆ ಧೈರ್ಯದಲ್ಲಿ ಅರ್ಧ ಕಿಲೋಮೀಟರ್ ದೂರದ ಚರ್ಚಿಗೂ ನಾವು ಕಾರಿನಲ್ಲೇ ಹೋಗುತ್ತೇವೆ. ಭಾನುವಾರ ಪೂಜೆ ಮುಗಿದಾಗ ಗೇಟಿನ ಮುಂದಿನ ಸಾಲು ಬೆಂಗಳೂರಿನವರದಲ್ಲ, ನಮ್ಮದೇ. ಅಪ್ಪ-ಅಮ್ಮಂದಿರು ಇದನ್ನು ಓದಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಈ ಮೇ ತಿಂಗಳಲ್ಲಿ ಕಾಂದಲ್‌ಗೆ ನಮ್ಮ ಯುವಕೂಟ ನಡೆದೇ ಹೋಗುತ್ತದೆ. ಬಸ್ಸಿಳಿದು ಕರೆ ಮಾಡಿ, ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋಗುತ್ತೇವೆ, ಊಟವೂ ನಮ್ಮ ಮನೆಗಳಲ್ಲೇ. ಪಾರ್ಕಿಂಗ್ ಎಲ್ಲಿ ಎಂದು ಮಾತ್ರ ಇನ್ನು ಮೇಲೆ ಕೇಳಬೇಡಿ.