ನಿಯಮ ಬಲ್ಲವರ ಸಮ್ಮೇಳನ, ಕಂತು ಕಟ್ಟುವವರ ಮೌನ



ಅಮೆರಿಕದಲ್ಲಿ ವಿಮಾ ಕಂಪನಿಗಳ ನೌಕರರದೊಂದು ಸಂಘವಿದೆ. ಅಸೋಸಿಯೇಷನ್ ಆಫ್ ಇನ್ಶೂರೆನ್ಸ್ ಕಂಪ್ಲಯನ್ಸ್ ಪ್ರೊಫೆಷನಲ್ಸ್ ಎಂದು ಅದರ ಹೆಸರು. ಹೆಸರು ಉದ್ದ, ಕೆಲಸ ಒಂದೇ. ಕಂಪನಿ ಸರ್ಕಾರದ ನಿಯಮಗಳನ್ನು ಪಾಲಿಸುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವವರು ಇವರು. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಕೂಡುತ್ತಾರೆ. ಹೊಸದಾಗಿ ಯಾವ ನಿಯಮ ಬಂತು, ಯಾವ ಕಾಗದವನ್ನು ಯಾವ ದಿನದೊಳಗೆ ಸಲ್ಲಿಸಬೇಕು, ತಪ್ಪಿದರೆ ದಂಡವೇನು ಎಂದು ದಿನಗಟ್ಟಲೆ ಕೂತು ಕಲಿಯುತ್ತಾರೆ. ನಿಯಮ ಮಾಡುವ ಸರ್ಕಾರಿ ಅಧಿಕಾರಿಗಳೇ ಅಲ್ಲಿಗೆ ಬಂದು ಮಾತಾಡುತ್ತಾರೆ.

ಅವರಿಗೆ ಇಷ್ಟು ಶ್ರಮ ಯಾಕೆ? 1945ರ ಒಂದು ಕಾಯಿದೆಯಿಂದ ಅಲ್ಲಿ ವಿಮೆಯ ಹಿಡಿತ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. ಐವತ್ತು ರಾಜ್ಯಕ್ಕೆ ಐವತ್ತು ಬಗೆಯ ಕಾನೂನು. ಪಾಲಿಸಿಯ ನಮೂನೆ, ಕಂತಿನ ದರ ಎಲ್ಲವನ್ನೂ ಆಯಾ ರಾಜ್ಯದ ಮುಂದಿಡಬೇಕು. ಎಡವಿದರೆ ದಂಡ. ದುಡ್ಡು ಹೋಗುತ್ತದೆಂಬ ಭಯ ಇರುವಲ್ಲಿ ನಿಯಮ ಕಲಿಯುವ ಶ್ರದ್ಧೆ ತಾನಾಗಿ ಹುಟ್ಟುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ಅಮೆರಿಕದ ಸಮ್ಮೇಳನ ಕಟ್ಟಿಕೊಂಡು ನಮಗೇನು ಎಂದು ನೀವು ಕೇಳಬಹುದು. ಅಲ್ಲಿಯ ರೈತನೂ ಬೆಳೆ ಹಾಳಾದದ್ದು ಕಂಡ 72 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ನಮ್ಮ ಫಸಲ್ ಬಿಮಾ ಯೋಜನೆಯಲ್ಲೂ ಆಲಿಕಲ್ಲು, ಭೂಕುಸಿತ, ಮೇಘಸ್ಫೋಟದಂಥ ಸ್ಥಳೀಯ ನಷ್ಟಕ್ಕೆ ಅದೇ 72 ಗಂಟೆ. ಗಡುವು ಎಲ್ಲ ಕಡೆ ಒಂದೇ ಥರ ಓಡುತ್ತದೆ. ಆ ಗಡುವಿನ ಲೆಕ್ಕ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದೇ ಈ ಸಂಚಿಕೆಯಲ್ಲಿ ನಾವು ನಿಮ್ಮ ಮುಂದಿಡುತ್ತಿರುವ ಪ್ರಶ್ನೆ.

ನಮ್ಮ ದೇಶದಲ್ಲಿ ವಿಮಾ ಕಂಪನಿಗಳ ಮೇಲೆ ಹೈದರಾಬಾದಿನ ಐಆರ್‌ಡಿಎಐ ಪ್ರಾಧಿಕಾರ ಇದೆ. ಅದರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ನಿಯಮ ಪಾಲನೆಗೆಂದೇ ಒಬ್ಬ ಮುಖ್ಯ ಅಧಿಕಾರಿ ಇರಬೇಕು. ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ನಮ್ಮ ಪರವಾಗಿ ಆ ಪುಸ್ತಕ ಓದುವವರು ಯಾರಿದ್ದಾರೆ? ಪಹಣಿ, ಆಧಾರ್, ಪಾಸ್‌ಬುಕ್ಕು ಹಿಡಿದು ಸೊಸೈಟಿಯ ಮುಂದೆ ಸಾಲು ನಿಲ್ಲುತ್ತೇವೆ, ಕಂತು ಕಟ್ಟುತ್ತೇವೆ, ರಶೀದಿಯನ್ನು ಮಡಚಿ ದೇವರ ಫೋಟೋದ ಹಿಂದೆ ಸಿಕ್ಕಿಸುತ್ತೇವೆ. ಆಮೇಲೆ ದೇವರೇ ಗತಿ! ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

2016ರಲ್ಲಿ ಬಂದ ಈ ಯೋಜನೆಯ ನಿಯಮ ಪುಸ್ತಕವನ್ನು ಬಿಚ್ಚಿ ನೋಡಿ. ಅದರಲ್ಲಿ ಗಡುವು ನಮಗೆ ಮಾತ್ರ ಇಲ್ಲ, ಕಂಪನಿಗೂ ಇದೆ. ಸ್ಥಳೀಯ ನಷ್ಟದ ಸುದ್ದಿ ಮುಟ್ಟಿದ 48 ಗಂಟೆಯೊಳಗೆ ನಷ್ಟ ನೋಡುವವರನ್ನು ಕಂಪನಿ ನೇಮಿಸಬೇಕು. ಆಮೇಲಿನ 10 ದಿನದೊಳಗೆ ನಷ್ಟದ ಅಂದಾಜು ಮುಗಿಯಬೇಕು. ವರದಿ ಬಂದ 15 ದಿನದೊಳಗೆ ಪರಿಹಾರ ಕೊಡಬೇಕು. ಇಡೀ ಪಂಚಾಯಿತಿಯ ಇಳುವರಿ ಬಿದ್ದಾಗ ಕೊಡುವ ಪರಿಹಾರ ಗೊತ್ತಾದ ದಿನಕ್ಕಿಂತ ಎರಡು ತಿಂಗಳು ಮೀರಿ ತಡವಾದರೆ ಕಂಪನಿ ರೈತನಿಗೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಕೊಡಬೇಕು. ಇದು 2018ರಲ್ಲಿ ಸೇರಿಸಿದ ನಿಯಮ. ರಾಜ್ಯ ಸರ್ಕಾರವೂ ತನ್ನ ಪಾಲಿನ ಹಣ ಕಟ್ಟಲು ಮೂರು ತಿಂಗಳಿಗಿಂತ ಹೆಚ್ಚು ತಡ ಮಾಡಿದರೆ ಅದಕ್ಕೂ ಶೇ. 12.

ಒಂದು ಲೆಕ್ಕ ಹಾಕೋಣ. ನಿಮ್ಮ ಬೆಳೆಗೆ ಹೆಕ್ಟೇರಿಗೆ 40,000 ರೂಪಾಯಿ ವಿಮೆ ಇದೆ ಎಂದಿಟ್ಟುಕೊಳ್ಳಿ. ಮುಂಗಾರಿನ ಆಹಾರ ಧಾನ್ಯ, ಬೇಳೆಕಾಳು, ಎಣ್ಣೆಕಾಳಿಗೆ ರೈತ ಕಟ್ಟುವುದು ಶೇ. 2, ಅಂದರೆ 800 ರೂಪಾಯಿ. ಪಂಚಾಯಿತಿಯ ಖಾತರಿ ಇಳುವರಿ 10 ಕ್ವಿಂಟಾಲ್, ಆ ವರ್ಷ ಬಂದದ್ದು 6 ಎಂದಾದರೆ ನಷ್ಟ ನೂರಕ್ಕೆ ನಲವತ್ತು, ಪರಿಹಾರ 16,000. ದಂಡದ ಗಡುವೂ ಮೀರಿ ಅರ್ಧ ವರ್ಷ ಕಳೆದರೆ ಶೇ. 12ರ ಲೆಕ್ಕದಲ್ಲಿ ಬಡ್ಡಿ 960 ರೂಪಾಯಿ. ನೀವು ಕಟ್ಟಿದ ಕಂತಿಗಿಂತ ಹೆಚ್ಚಾಯಿತು! ನಿಮ್ಮೂರಲ್ಲಿ ಪರಿಹಾರ ತಡವಾಗಿ ಬಂದ ಎಷ್ಟು ಜನ ಈ ಬಡ್ಡಿ ಕೇಳಿದ್ದಾರೆ? ಎಷ್ಟು ಜನರಿಗೆ ಕೇಳಬಹುದೆಂದು ಗೊತ್ತಿತ್ತು?

ಇಲ್ಲೇ ಇರುವುದು ಮೋಸದ ಗಂಟು. ನಾವು 72 ಗಂಟೆ ತಪ್ಪಿದರೆ ನಿಯಮ ತಾನಾಗಿ ನಮ್ಮ ಕುತ್ತಿಗೆಗೆ ಬೀಳುತ್ತದೆ, ಅರ್ಜಿ ಅಲ್ಲೇ ತಿರಸ್ಕಾರ. ಬೆಳೆ ಸಾಲ ಕಟ್ಟುವ ದಿನ ತಪ್ಪಿದರೆ ಬ್ಯಾಂಕಿನಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಹೋಗುತ್ತದೆ, ಯಾರೂ ನಮ್ಮನ್ನು ಕೇಳಿ ತೆಗೆಯುವುದಿಲ್ಲ. ಕಂಪನಿ ತಪ್ಪಿದರೆ? ಆಗ ನಾವೇ ದಿನ ಎಣಿಸಬೇಕು, ನಾವೇ ಅರ್ಜಿ ಬರೆಯಬೇಕು, ನಾವೇ ಬಾಗಿಲು ತಟ್ಟಬೇಕು. ಒಂದೇ ಪುಸ್ತಕದ ನಿಯಮ, ದಾಕ್ಷಿಣ್ಯ ಮಾತ್ರ ಒಬ್ಬರಿಗೆ.

ಸಾಲ ತೆಗೆದುಕೊಂಡವರು ಇನ್ನೊಂದು ಮಾತು ತಿಳಿದಿರಬೇಕು. 2020ರ ಮುಂಗಾರಿನಿಂದ ಬೆಳೆ ವಿಮೆ ಯಾರಿಗೂ ಕಡ್ಡಾಯವಲ್ಲ. ಆದರೆ ಬೇಡ ಎನ್ನುವ ಸಾಲಗಾರ ನೋಂದಣಿಯ ಕೊನೇ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದೆ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ, ಕಂತು ಸಾಲದ ಖಾತೆಯಿಂದ ಕತ್ತರಿಸಿ ಹೋಗುತ್ತದೆ. ಹಾಗೆ ಕತ್ತರಿಸಿದ ಬ್ಯಾಂಕು ತೊಗರಿ ಬಿತ್ತಿದವನ ಹೆಸರಿನಲ್ಲಿ ಹೆಸರುಕಾಳು ಎಂದು ಬರೆದರೆ, ಎರಡು ಎಕರೆಯನ್ನು ಒಂದು ಮಾಡಿದರೆ, ಆ ತಪ್ಪಿನಿಂದ ತಪ್ಪಿದ ಪರಿಹಾರವನ್ನು ಬ್ಯಾಂಕೇ ತುಂಬಿಕೊಡಬೇಕು. ಇದೂ ನಿಯಮದಲ್ಲೇ ಇದೆ. ಮ್ಯಾನೇಜರು ಇದನ್ನು ತಾನಾಗಿ ಹೇಳಿಯಾರೆಂದು ಕಾಯಬೇಡಿ.

ವಿಮೆಯೇ ಬೇಡ, ಅದು ಕಂಪನಿ ಬೆಳೆಸುವ ಹುನ್ನಾರ ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. ಅವರ ಸಿಟ್ಟಿಗೆ ಕಾರಣವಿದೆ. ಈ ವಿಮೆ ಇಳುವರಿ ಬಿದ್ದರೆ ಮಾತ್ರ ಕೊಡುತ್ತದೆ. ಬೆಳೆ ಚೆನ್ನಾಗಿ ಬಂದು ಬೆಲೆ ನೆಲ ಕಚ್ಚಿದರೆ ಬಿಡಿಗಾಸೂ ಇಲ್ಲ. ಆದ್ದರಿಂದ ವೈಜ್ಞಾನಿಕ ಬೆಲೆಯ ಹೋರಾಟಕ್ಕೆ ವಿಮೆ ಎಂದೂ ಬದಲಿಯಾಗದು. ಆದರೆ ಈ ವಿಚಾರ ನಮ್ಮ ನೆಲಕ್ಕೆ ಹೊರಗಿನದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ ಅವರು ಮಳೆಯ ಲೆಕ್ಕವನ್ನೇ ಆಧಾರವಾಗಿಟ್ಟು ಬೆಳೆಗೆ ವಿಮೆ ಮಾಡಬಹುದೆಂದು 1920ರಲ್ಲೇ ಪುಸ್ತಕ ಬರೆದಿದ್ದರು. ದೇಶಕ್ಕೆಲ್ಲ ಒಂದು ಬೆಳೆ ವಿಮೆ ಯೋಜನೆ ಬಂದದ್ದು 1985ರಲ್ಲಿ. ಅಷ್ಟು ಹಳೆಯ ವಿಚಾರವನ್ನು ಕಂಪನಿಯವರ ಕೈಗೆ ಬಿಟ್ಟು ನಾವು ಎದ್ದು ಬರಬೇಕೆ? ಕಟ್ಟಿದ ಕಂತು ನಮ್ಮದು. ಕೇಂದ್ರ, ರಾಜ್ಯಗಳು ತುಂಬುವ ಉಳಿದ ಪಾಲೂ ಜನರ ತೆರಿಗೆಯದೇ. ಆ ದುಡ್ಡಿನ ಲೆಕ್ಕ ಕೇಳುವ ಹಕ್ಕು ನಮಗಿದೆ.

ಆದ್ದರಿಂದ ಹಳ್ಳಿ ಹಳ್ಳಿಯ ಘಟಕಗಳಿಗೆ ನಮ್ಮ ವಿನಂತಿ ಇಷ್ಟು.

ಒಂದು, ಬಿತ್ತನೆಗೆ ಮೊದಲು ಊರಿನಲ್ಲಿ ಒಂದು ಸಂಜೆ ಕೂಡಿ. ಓದು ಬಲ್ಲ ಹುಡುಗನೋ ಹುಡುಗಿಯೋ ಯೋಜನೆಯ ನಿಯಮಗಳನ್ನು ಜೋರಾಗಿ ಓದಲಿ. ನಿಮ್ಮ ಪಂಚಾಯಿತಿಗೆ ಯಾವ ಬೆಳೆ, ಯಾವ ಕಂಪನಿ, ಕೊನೇ ದಿನ ಯಾವುದು ಎಂಬುದನ್ನು ಗೋಡೆಯ ಮೇಲೆ ಬರೆಸಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಗಬಾರದು.

ಎರಡು, ರಶೀದಿ ಕೈಗೆ ಬಂದ ದಿನವೇ ಸರ್ವೆ ನಂಬರು, ಬೆಳೆ, ವಿಸ್ತೀರ್ಣ, ಖಾತೆ ನಂಬರು ಓದಿ ನೋಡಿ. ತಪ್ಪಿದ್ದರೆ ಅಂದೇ ಲಿಖಿತವಾಗಿ ತಿದ್ದುಪಡಿ ಕೇಳಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳಿ.

ಮೂರು, ಬೆಳೆ ಕಟಾವು ಪ್ರಯೋಗ ಎಲ್ಲಿ, ಯಾವ ದಿನ ಎಂದು ಮೊದಲೇ ಕೇಳಿ ತಿಳಿದು ಅಲ್ಲಿ ನಾಲ್ಕು ಜನ ನಿಲ್ಲಿ. ಇಡೀ ಪಂಚಾಯಿತಿಯ ಹಣೆಬರಹ ಬರೆಯುವುದು ಆ ತಾಕಿನಲ್ಲಿ. ತೂಕವನ್ನು ನೀವೂ ಬರೆದಿಟ್ಟುಕೊಳ್ಳಿ.

ನಾಲ್ಕು, ಸ್ಥಳೀಯ ನಷ್ಟವಾದರೆ ಯಾರನ್ನೂ ಕಾಯದೆ 14447ಕ್ಕೆ ಫೋನು ಮಾಡಿ, ದೂರಿನ ನಂಬರು ಬರೆದುಕೊಳ್ಳಿ. ಅಂದಿನಿಂದ ಕಂಪನಿಯ ದಿನಗಳನ್ನು ನೀವು ಎಣಿಸಿ.

ಐದು, ಪರಿಹಾರ ತಡವಾದರೆ ಒಬ್ಬೊಬ್ಬರೇ ಅಲೆಯಬೇಡಿ. ಊರಿನ ಎಲ್ಲ ಹೆಸರುಗಳ ಪಟ್ಟಿ ಮಾಡಿ, ಶೇ. 12ರ ಬಡ್ಡಿಯನ್ನೂ ಲೆಕ್ಕ ಹಾಕಿ, ಒಂದೇ ಅರ್ಜಿಯಾಗಿ ಜಿಲ್ಲಾಧಿಕಾರಿಗಳ ಮುಂದಿಡಿ.

ಸರ್ಕಾರಕ್ಕೆ ನಮ್ಮ ಒತ್ತಾಯವೂ ಒಂದಿದೆ. ಪ್ರತಿ ತಾಲ್ಲೂಕಿನಲ್ಲಿ ಮುಂಗಾರಿಗೆ ಮೊದಲು ವಿಮೆ ಕಟ್ಟಿದವರ ವಾರ್ಷಿಕ ಸಭೆ ನಡೆಯಬೇಕು. ಕಂಪನಿಯ ನಿಯಮ ಪಾಲನೆ ಅಧಿಕಾರಿ, ಬ್ಯಾಂಕಿನವರು, ಕೃಷಿ ಇಲಾಖೆಯವರು ವೇದಿಕೆಯ ಮೇಲಲ್ಲ, ರೈತರ ಎದುರಿಗೆ ಕೂರಬೇಕು. ಹಿಂದಿನ ವರ್ಷ ಎಷ್ಟು ಕಂತು ಬಂತು, ಎಷ್ಟು ಪರಿಹಾರ ಹೋಯಿತು, ಯಾರ್‍ಯಾರ ಅರ್ಜಿ ಯಾಕೆ ಬಿತ್ತು ಎಂಬ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಬೇಕು.

1980ರ ದಶಕದಲ್ಲಿ, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ನಮ್ಮ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಂತಿತ್ತು. ಅದೇ ಹಳ್ಳಿಗಳು ಈಗ ಅವರನ್ನು ಕರೆದು ಕೂರಿಸಿ, ನಿಯಮ ಪುಸ್ತಕವನ್ನು ಮುಂದಿಟ್ಟು, ಪುಟ ತೋರಿಸಿ ಕೇಳಬೇಕಾಗಿದೆ. ಕಂಪನಿಯವರು ವರ್ಷಕ್ಕೊಮ್ಮೆ ಕೂಡಿ ಕಲಿಯುತ್ತಾರೆ. ನಾವೂ ಕೂಡೋಣ, ಕಲಿಯೋಣ, ಲೆಕ್ಕ ಕೇಳೋಣ.