ಡೋಂಗಲ್ ಇಟ್ಟುಕೊಳ್ಳದ ಗುಮಾಸ್ತೆಗೂ ಸನ್ಮಾನ ಸಿಗಲಿ



ಏಪ್ರಿಲ್ 21ರ ನಾಗರಿಕ ಸೇವಾ ದಿನ ಬಂತೆಂದರೆ ಸರ್ಕಾರಿ ನೌಕರರಿಗೆ ಪ್ರಶಸ್ತಿಗಳ ಸುಗ್ಗಿ. ದೆಹಲಿಯಲ್ಲಿ ಪ್ರಧಾನಮಂತ್ರಿ ಪ್ರಶಸ್ತಿ, ಕರ್ನಾಟಕದಲ್ಲಿ ಸರ್ವೋತ್ತಮ ಸೇವಾ ಪ್ರಶಸ್ತಿ. ನಾವಿರುವ ಮಹಾರಾಷ್ಟ್ರದಲ್ಲೂ ಇಂಥವಕ್ಕೆ ಕೊರತೆಯಿಲ್ಲ. ಹೊಸ ಆ್ಯಪ್ ತಂದವರು, ಕಡತ ಬೇಗ ವಿಲೇವಾರಿ ಮಾಡಿದವರು ವೇದಿಕೆ ಹತ್ತುತ್ತಾರೆ. ಸಂತೋಷವೇ. ಆದರೆ ಕಚೇರಿಯ ಮಾಹಿತಿ ಸೋರದಂತೆ ಕಾಯ್ದ ನೌಕರನನ್ನು ಆ ಸಾಲಿನಲ್ಲಿ ಕಾಣುವುದೇ ಅಪರೂಪ.

ಪುಣೆಯವರಿಗೆ ಅಂಥ ಕಾವಲಿನ ಬೆಲೆ ಗೊತ್ತಿರಬೇಕಿತ್ತು. 2018ರ ಆಗಸ್ಟ್ 11 ಮತ್ತು 13ರಂದು ಇಲ್ಲಿನ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಸೈಬರ್ ಕಳ್ಳರ ಪಾಲಾಯಿತು. ನಕಲಿ ಕಾರ್ಡು ಹಿಡಿದವರು 28 ದೇಶಗಳ ಎಟಿಎಂಗಳಲ್ಲಿ ಹಣ ತೆಗೆದರು. ಸುಮಾರು 14 ಕೋಟಿ ಹಾಂಕಾಂಗ್‌ನ ಖಾತೆಗೆ ಸೇರಿತು. ಪುಣೆ ಸೈಬರ್ ಪೊಲೀಸರು ಬೆನ್ನು ಬಿಡದೆ ತನಿಖೆ ನಡೆಸಿದ್ದರಿಂದ 2023ರ ಏಪ್ರಿಲ್‌ನಲ್ಲಿ 11 ಮಂದಿಗೆ ಶಿಕ್ಷೆಯಾಯಿತು. 2021ರಲ್ಲಿ ಪಕ್ಕದ ಪಿಂಪ್ರಿ-ಚಿಂಚವಾಡ ಸ್ಮಾರ್ಟ್ ಸಿಟಿಯ ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿತು. ಕಳ್ಳನನ್ನು ಹಿಡಿದ ಪೊಲೀಸರಿಗೆ ಕೇಂದ್ರ ಗೃಹ ಸಚಿವರ ಪದಕವಾದರೂ ಇದೆ. ಕಳವೇ ಆಗದಂತೆ ನೋಡಿಕೊಂಡವನಿಗೆ?

ಅವನಿಗೆ ಸಿಗುವುದು ಬೈಗುಳ. ನಾನು ಕಂಡ ಒಂದು ಕಚೇರಿಯಲ್ಲಿ ಸಾಹೇಬರ ಡಿಜಿಟಲ್ ಸಹಿಯ ಡೋಂಗಲ್ ಗುಮಾಸ್ತೆಯ ಡ್ರಾಯರಿನಲ್ಲಿ, ಸ್ಟೇಪ್ಲರ್ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಪಿನ್ ನಂಬರು ಕೀಬೋರ್ಡಿನ ಅಡಿಯ ಚೀಟಿಯಲ್ಲಿ. ಅಲ್ಲಿಗೆ ವರ್ಗವಾಗಿ ಬಂದ ಗುಮಾಸ್ತೆಯೊಬ್ಬರು ‘ಇದು ನಿಮ್ಮ ಹತ್ತಿರವೇ ಇರಲಿ ಸರ್, ಸಹಿ ನೀವೇ ಹಾಕಿ’ ಎಂದರು. ಅಂದಿನಿಂದ ಅವರಿಗೆ ಬಿದ್ದ ಹೆಸರು ‘ಕಿರಿಕ್ ಪಾರ್ಟಿ’.

ಸಂಬಳ ಪಡೆದು ಮಾಡುವ ಕೆಲಸಕ್ಕೆ ಸನ್ಮಾನ ಯಾಕೆ ಎಂದು ಕೇಳಬಹುದು. ಆ್ಯಪ್ ಮಾಡಿದವರೂ ಸಂಬಳಕ್ಕೇ ಮಾಡಿದ್ದು ತಾನೆ?

ಇನ್ನೊಂದು ಮಾತು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ಮೊದಲು ಬಾಯಿ ಬಿಟ್ಟವನಿಗೇ ಕಾರಣ ಕೇಳಿ ನೋಟಿಸ್ ಬರುವ ಕಡೆ 6 ದಿನವಾದರೂ ಯಾರು ಬಾಯಿ ಬಿಡುತ್ತಾರೆ? ‘ತಪ್ಪು ಲಿಂಕ್ ಒತ್ತಿಬಿಟ್ಟೆ’ ಎಂದು ತಾನಾಗಿ ಬಂದು ಹೇಳಿದ ನೌಕರನಿಗೆ ಮೆಚ್ಚುಗೆ ಪತ್ರ ಕೊಡುವ ಧೈರ್ಯ ಇಲಾಖೆಗಳಿಗೆ ಬರಬೇಕು.

ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಅವು ಹೇಗೂ ಮುಖ್ಯಸ್ಥರ ಕೈಗೇ ಹೋಗುತ್ತವೆ. ಸೇವಾ ಪುಸ್ತಕದಲ್ಲಿ ಒಂದು ನಮೂದು, ಬಡ್ತಿಯ ವೇಳೆ ಅದಕ್ಕೊಂದಿಷ್ಟು ಬೆಲೆ ಸಾಕು. ಅಧಿಕಾರಿಗಳಿಗೆ ತರಬೇತಿ ಕೊಡುವ ‘ಯಶದಾ’ ಸಂಸ್ಥೆ ಪುಣೆಯ ಬಾಣೇರ್ ರಸ್ತೆಯಲ್ಲೇ ಇದೆ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಕೇಂದ್ರ ಕಚೇರಿಯೂ ಇದೇ ಊರಿನಲ್ಲಿದೆ. ಇವೆರಡೂ ಕೂಡಿ ಈ ಮನ್ನಣೆಗೆ ನಿಯಮಾವಳಿ ಸಿದ್ಧಪಡಿಸಲಿ; ಮಹಾರಾಷ್ಟ್ರ ಸರ್ಕಾರ ಮುಂದಿನ ಏಪ್ರಿಲ್ 21ರೊಳಗೆ ಅದನ್ನು ಜಾರಿಗೆ ತರಲಿ. ಕರ್ನಾಟಕ ಸರ್ಕಾರವೂ ತನ್ನ ಸರ್ವೋತ್ತಮ ಸೇವಾ ಪ್ರಶಸ್ತಿಯಲ್ಲಿ ಇಂಥವರಿಗೊಂದು ಪ್ರತ್ಯೇಕ ವಿಭಾಗ ತೆರೆಯಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ನೌಕರ, ಕೋಥ್ರೂಡ್, ಪುಣೆ