ಖಾಲಿ ಬಾಟಲಿಗೆ ಇಷ್ಟು ದುಡ್ಡೇ?



ಯುಗಾದಿ ಪಾಟ್‌ಲಕ್‌ನಲ್ಲಿ ಮಿತ್ರರೊಬ್ಬರು ಎಲ್ಲರ ಮುಂದೆ ಕೇಳಿಯೇಬಿಟ್ಟರು: "ಏನ್ ಸಾರ್, ಹಳೇ ಬಾಟ್ಲಿ ವ್ಯಾಪಾರ ಹೇಗಿದೆ? ರಿಟರ್ನ್ಸ್ ಚೆನ್ನಾಗಿದ್ಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ "ರಿಟರ್ನ್ಸ್" ಅನ್ನೋ ಪದ ತಲೆ ಕೊರೆಯತೊಡಗಿತು. ಹಳೆಯ ಅಮೆರಿಕನ್ ಬಾಟಲಿಗಳನ್ನು ಸಂಗ್ರಹಿಸುವುದು ಹೇಗೆಂದು ಈಚೆಗೆ ನಮ್ಮವರು ಮೂರ್ನಾಲ್ಕು ಜನ ನನ್ನನ್ನು ವಿಚಾರಿಸಿದ್ದಾರೆ. ಎಲ್ಲರ ಮೊದಲ ಪ್ರಶ್ನೆಯೂ ಅದೇ. ಸೈಟು, ಚಿನ್ನ, ಷೇರು ಆಯಿತು, ಈಗ ಬಾಟಲಿ! ಲಾಭಕ್ಕಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ: ದಯವಿಟ್ಟು ಬೇಡಿ. ಇದು ಪೆಟ್ಟು ತಿಂದವನ ಮಾತು.

ನಾವಿರುವ ದಕ್ಷಿಣ ನ್ಯೂಜೆರ್ಸಿ ಅಮೆರಿಕದ ಗಾಜಿನ ತವರುಮನೆಗಳಲ್ಲಿ ಒಂದು. ಜರ್ಮನಿಯಿಂದ ವಲಸೆ ಬಂದ ಕ್ಯಾಸ್ಪರ್ ವಿಸ್ಟರ್ 1739ರಲ್ಲಿ ಇಲ್ಲಿಯ ಸೇಲಂ ಕೌಂಟಿಯಲ್ಲಿ ಗಾಜಿನ ಕಾರ್ಖಾನೆ ತೆರೆದ. ಗಾಜಿಗೆ ಬೇಕಾದ ಮರಳು, ಕುಲುಮೆಗೆ ಬೇಕಾದ ಸೌದೆ ಎರಡೂ ಇಲ್ಲಿದ್ದವು. ಅವನೂ ನಮ್ಮ ಹಾಗೆ ಹೊರಗಿನಿಂದ ಬಂದವನೇ ಅನ್ನಿ. ಇಂಥ ಊರಲ್ಲಿದ್ದು ಬಾಟಲಿ ಹುಚ್ಚು ಹತ್ತದಿದ್ದರೆ ಹೇಗೆ?

ಹುಚ್ಚು ಹತ್ತಿದ ಹೊಸದರಲ್ಲಿ ಒಂದು ಸಂತೆಯಲ್ಲಿ 180 ಡಾಲರ್ ಕೊಟ್ಟು ಒಂದು ಫ್ಲಾಸ್ಕ್ ಕೊಂಡೆ. ಫ್ಲಾಸ್ಕ್ ಎಂದರೆ ಕಾಫಿ ಫ್ಲಾಸ್ಕ್ ಅಲ್ಲ, ವಿಸ್ಕಿ ತುಂಬಿ ಜೇಬಿನಲ್ಲಿಟ್ಟುಕೊಳ್ಳುವ ಚಪ್ಪಟೆ ಸೀಸೆ. ಒಂದು ಬದಿಗೆ ಜಾರ್ಜ್ ವಾಷಿಂಗ್ಟನ್, ಇನ್ನೊಂದು ಬದಿಗೆ ಜನರಲ್ ಜಕಾರಿ ಟೇಲರ್. ಟೇಲರ್ ಮೆಕ್ಸಿಕೋ ಯುದ್ಧದಲ್ಲಿ ಹೆಸರು ಮಾಡಿ 1849ರಲ್ಲಿ ಅಧ್ಯಕ್ಷನಾದವನು. ಫಿಲಡೆಲ್ಫಿಯಾದ ಡಯಟ್‌ವಿಲ್ ಕಾರ್ಖಾನೆ ಅವನ ಮುಖವಿರುವ ಫ್ಲಾಸ್ಕ್‌ಗಳನ್ನು ಮಾಡುತ್ತಿತ್ತು. ಆ ಕಾಲದ ಚುನಾವಣಾ ಪೋಸ್ಟರ್ ಅಂದುಕೊಳ್ಳಿ. "ಐದು ವರ್ಷ ಬಿಟ್ಟರೆ ಎರಡರಷ್ಟಾಗುತ್ತೆ" ಎಂದು ನನ್ನಾಕೆಯ ಮುಂದೆ ಜಂಬ ಕೊಚ್ಚಿದೆ.

ನಲವತ್ತು ವರ್ಷಗಳಿಂದ ಬಾಟಲಿ ಕೂಡಿಡುತ್ತಿರುವ ಅಮೆರಿಕನ್ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಮುಖ ನೋಡಲಿಲ್ಲ, ತಿರುಗಿಸಿ ತಳ ನೋಡಿದರು. ಊದಿದ ಮೇಲೆ ಬಾಯಿಯನ್ನು ತಿದ್ದಲು ಸೀಸೆಯ ತಳವನ್ನು ಕಬ್ಬಿಣದ ಕಂಬಿಗೆ ಅಂಟಿಸಿ ಹಿಡಿಯುತ್ತಿದ್ದರು. ಕಂಬಿ ಮುರಿದು ತೆಗೆದ ಜಾಗದಲ್ಲಿ ಒರಟು ಗಾಯ ಉಳಿಯುತ್ತದೆ. ಇದಕ್ಕೆ ಪಾಂಟಿಲ್ ಗುರುತು ಎನ್ನುತ್ತಾರೆ. 1860ರ ಸುಮಾರಿನ ನಂತರದ ಬಾಟಲಿಗಳಲ್ಲಿ ಅದು ಅಪರೂಪ. ನನ್ನದರಲ್ಲಿ ಆ ಗುರುತೇನೋ ಇತ್ತು. ಆದರೆ ಅವರು ಕೇಳಿದ್ದು ಬೇರೆ: "ನೂರೈವತ್ತು ವರ್ಷ ಮೇಜು, ಕಪಾಟುಗಳ ಮೇಲೆ ಕೂತ ಸೀಸೆಯ ತಳದಲ್ಲಿ ಒಂದು ಗೀರೂ ಇಲ್ಲವೇ?" ಅದು 20ನೇ ಶತಮಾನದಲ್ಲಿ ಮಾಡಿದ ನಕಲು. 180 ಡಾಲರ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅದೇ ವಾರ ನಮ್ಮವರೇ ಒಬ್ಬರು, ನಿವೃತ್ತರಾಗುತ್ತಿದ್ದ ತಮ್ಮ ಬಾಸ್‌ಗೆ ಉಡುಗೊರೆ ಕೊಡಲು ಆ ಫ್ಲಾಸ್ಕ್ ಕೇಳಿದರು. 200 ಕೊಡುತ್ತೇನೆಂದರು. ಎರಡು ದಿನ ನಾನು "ಹೂಂ" ಅನ್ನಲಿಲ್ಲ, "ಉಹೂಂ" ಅಂತಲೂ ಅನ್ನಲಿಲ್ಲ. ಅವರಿಗೆ ಹೇಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಕೊನೆಗೆ ಫೋನ್ ಮಾಡಿ ನಿಜ ಹೇಳಿದೆ. ಆ ಎರಡು ದಿನಗಳ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ. ಲಾಭಕ್ಕೆಂದೇ ಕೊಂಡ ವಸ್ತು ನಮ್ಮನ್ನು ಹೀಗೆ ಸಣ್ಣವರನ್ನಾಗಿ ಮಾಡುತ್ತದೆ.

ಆ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದರು. ಷೋಕೇಸ್ ನೋಡಿದ ಕೂಡಲೇ, "ಅಲ್ಲ ಕಣೋ, ಸಾರಾಯಿ ಬಾಟ್ಲೀನ ದೇವರ ಮನೆ ಎದುರಿಗೆ ಇಟ್ಟಿದೀಯಲ್ಲೋ!" ಎಂದರು. ಆಮೇಲೆ ದಪ್ಪ ಗಾಜಿನ ಸೋಡಾ ಬಾಟಲಿ ಹಿಡಿದು, "ಇದರ ಗೋಲಿ ಎಲ್ಲಿ?" ಎಂದು ಕೇಳಿದರು. ಗೋಲಿ ಸೋಡಾ ಬಾಟಲಿ 1870ರ ದಶಕದಲ್ಲಿ ಹಿರಂ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಮಾಡಿದ್ದು. ಅದು ನಮ್ಮೂರಿನ ಪೆಟ್ಟಿಗೆ ಅಂಗಡಿಯವರೆಗೆ ಬಂತು. ಅಮೆರಿಕದಲ್ಲಿ ಗೆದ್ದದ್ದು 1879ರ ಹಚಿನ್ಸನ್ ಬಿರಡೆ, ಅಂದರೆ ತಂತಿಗೆ ಸಿಕ್ಕಿಸಿದ ರಬ್ಬರ್ ಬಿಲ್ಲೆ.

ಕೊನೆಗೆ ಅವರ ಕೈಗೆ ಬಂದದ್ದು ನಾನು 12 ಡಾಲರಿಗೆ ಕೊಂಡಿದ್ದ, ತಿಳಿ ನೀಲಿ-ಹಸಿರು ಬಣ್ಣದ ಪುಟ್ಟ ಸೀಸೆ. ಮೇಲೆ ಉಬ್ಬಕ್ಷರದಲ್ಲಿ "ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್" ಎಂದಿದೆ. ಹಲ್ಲು ಬರುವಾಗ ಅಳುವ ಮಕ್ಕಳಿಗೆ ಕುಡಿಸುತ್ತಿದ್ದ ಔಷಧ, ಒಳಗಿದ್ದದ್ದು ಮಾರ್ಫಿನ್. 1906ರ ಆಹಾರ ಮತ್ತು ಔಷಧ ಕಾನೂನು ಬಂದ ಮೇಲೆ ಇಂಥ ಪದಾರ್ಥಗಳ ಹೆಸರನ್ನು ಲೇಬಲ್ ಮೇಲೆ ಹಾಕಲೇಬೇಕಾಯಿತು. ಅಲ್ಲಿಯವರೆಗೆ ಎಷ್ಟೋ ತಾಯಂದಿರು ಗೊತ್ತಿಲ್ಲದೆ ಮಕ್ಕಳಿಗೆ ವಿಷ ಕುಡಿಸಿದರು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ನಮ್ಮಲ್ಲೂ ಕೂಲಿಗೆ ಹೋಗೋರು ಮಗು ಮಲಗಲಿ ಅಂತ ಅಫೀಮು ನೆಕ್ಕಿಸ್ತಿದ್ರಂತೆ, ನಮ್ಮಜ್ಜಿ ಹೇಳೋರು" ಎಂದರು. ಪಕ್ಕದಲ್ಲಿದ್ದ ನನ್ನ ಮಗಳು ಇಬ್ಬರ ಮಾತನ್ನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. 12 ಡಾಲರ್ ಬಾಟಲಿ ಕೊಟ್ಟ ರಿಟರ್ನ್ಸ್ ಅದು.

ಪೌರತ್ವ ಪರೀಕ್ಷೆಗೆ ನಾವೆಲ್ಲ ಈ ದೇಶದ ಅಧ್ಯಕ್ಷರ ಹೆಸರು, ಯುದ್ಧಗಳ ಇಸವಿ ಉರು ಹೊಡೆಯುತ್ತೇವೆ. ಇಲ್ಲಿಯ ಸಾಮಾನ್ಯ ಜನ ಏನು ಕುಡಿದರು, ಯಾವುದಕ್ಕೆ ಮೋಸ ಹೋದರು ಎಂಬುದು ಆ ಪಟ್ಟಿಯಲ್ಲಿಲ್ಲ. ನಮ್ಮ ಮಕ್ಕಳು ಬೆಳೆಯುವುದು ಈ ನೆಲದಲ್ಲಿ. ಅದರ ಕಥೆ ಅವರದೂ ಹೌದು. ಅದಕ್ಕೇ ಹೇಳುತ್ತೇನೆ, ಬಾಟಲಿ ಕೊಳ್ಳಿ, ಆದರೆ ಓದಲು ಕೊಳ್ಳಿ.

ಹತ್ತಿಪ್ಪತ್ತು ಡಾಲರಿನವೇ ಸಾಕು. ಅಚ್ಚಿನ ಗೆರೆ ಬಾಯಿಯ ಅಂಚಿನವರೆಗೂ ಹೋಗಿದ್ದರೆ ಅದು ಸಾಮಾನ್ಯವಾಗಿ ಮೈಕೆಲ್ ಓವೆನ್ಸ್ 1903ರಲ್ಲಿ ರೂಪಿಸಿದಂಥ ಯಂತ್ರ ಬಂದ ನಂತರದ್ದು. ಬಾಟಲಿ ಮೇಲಿನ ಇಸವಿ ನೋಡಿ ಮರುಳಾಗಬೇಡಿ: "1858 ನವೆಂಬರ್ 30" ಎಂದಿರುವ ಮೇಸನ್ ಜಾಡಿಗಳು ಹಲವು ದಶಕ ತಯಾರಾದವು, ಅದು ಪೇಟೆಂಟಿನ ತಾರೀಖು ಅಷ್ಟೇ. ಕಡು ನೇರಳೆ ಬಾಟಲಿ ಕಂಡರೆ ಹುಷಾರು. ಹಳೆಯ ಬಣ್ಣವಿಲ್ಲದ ಗಾಜಿನಲ್ಲಿ ಮ್ಯಾಂಗನೀಸ್ ಇದ್ದರೆ ಬಿಸಿಲಿಗೆ ತಿಳಿ ನೇರಳೆಗೆ ತಿರುಗುತ್ತದೆ. ಈಗ ವಿಕಿರಣಕ್ಕೆ ಒಡ್ಡಿ ಬೇಕೆಂದೇ ಬಣ್ಣ ಬರಿಸುತ್ತಾರೆ, ಬೆಲೆ ಏರಿಸಲು.

ಇನ್ನೊಂದು ಮಾತು. ಹಳೇ ಕಕ್ಕಸು ಗುಂಡಿ, ತಿಪ್ಪೆಗಳಲ್ಲಿ ಬಾಟಲಿ ಅಗೆಯುವವರಿದ್ದಾರೆ. ಜಾಗದ ಮಾಲೀಕರನ್ನು ಕೇಳದೆ ಸಲಿಕೆ ಹಿಡಿಯಬೇಡಿ. ಫೆಡರಲ್ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ಅಗೆದು ತೆಗೆಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ಯಾರಾದರೂ ಅಗೆದದ್ದನ್ನು ಕೊಂಡರೆ ಎಲ್ಲಿ ಸಿಕ್ಕಿತೆಂದು ಕೇಳಿ, ಚೀಟಿ ಬರೆದಿಡಿ. ಆ ಚೀಟಿ ಕಳೆದರೆ ಕಥೆಯಲ್ಲಿ ಅರ್ಧ ಹೋದ ಹಾಗೆ. ದುಡ್ಡು ಖರ್ಚು ಮಾಡುವ ಮೊದಲು ಮಕ್ಕಳನ್ನು ಕರೆದುಕೊಂಡು ಮಿಲ್‌ವಿಲ್‌ನ ಅಮೆರಿಕನ್ ಗಾಜಿನ ಮ್ಯೂಸಿಯಂ ನೋಡಿ ಬನ್ನಿ.

ನನ್ನ ವಾಷಿಂಗ್ಟನ್ ಫ್ಲಾಸ್ಕ್ ಈಗಲೂ ಷೋಕೇಸಿನಲ್ಲಿದೆ. ಮಗಳು ತಾನು ಕಲಿತ ಕನ್ನಡದಲ್ಲಿ ಒಂದು ಚೀಟಿ ಬರೆದು ಅಂಟಿಸಿದ್ದಾಳೆ: "ಇದು ನಕಲು. ಅಪ್ಪ 180 ಡಾಲರ್ ಕೊಟ್ಟರು." ಮನೆಗೆ ಬಂದವರೆಲ್ಲ ಮೊದಲು ಓದುವುದು ಅದನ್ನೇ. ನೀವೂ ಒಮ್ಮೆ ಬನ್ನಿ, ಕಾಫಿ ಕುಡಿಯುತ್ತಾ ಮಾತಾಡೋಣ.